ರಸೀತಿ

ಹನ್ನೊಂದು ವರ್ಷ, ಶನಿವಾರ ಶನಿವಾರ,
ನಾನು ಆಡಿದ್ದು ಒಂದೇ ಮಾತು:
"ರಸೀತಿ ಇದೆಯೇ?"

ಮಾಂಟೆವಿಡಿಯೋದಲ್ಲಿ ಯಾರನ್ನಾದರೂ ಕೇಳಿ,
ಬಾಲ್ದೊಮೇರೋ ಯಾರೆಂದು ಹೇಳುತ್ತಾರೆ.
ಕಂದು ಕೋಟು, ಅದಕ್ಕೊಂದು ಗುಂಡಿ ಕಮ್ಮಿ.
ಇಸ್ತ್ರಿಯವನು ಪಾಪ, ಒಳ್ಳೆಯವನು,
ವಾರ ವಾರ ಹೊಸ ಗುಂಡಿ ಹೊಲಿದು ಕಳಿಸುತ್ತಿದ್ದ,
ವಾರ ವಾರ ಕೀಳುತ್ತಿದ್ದಳು ನೀಬಿಯಾ.
ಕಂಕುಳಲ್ಲಿ ಯಾರದೋ ಕಪ್ಪು ಕೊಡೆ.
ಬಸ್ಸಿನಲ್ಲಿ ಸಿಕ್ಕಿತು ಸ್ವಾಮಿ,
ಕಳೆದುಕೊಂಡವರಿಗೆ ಮುಟ್ಟಿಸಿ, ಅನ್ನುತ್ತಾನೆ.
ಅಷ್ಟೇ ಅವನ ಕತೆ.

ಕೌಂಟರಿನ ಈಚೆ ನಾನು,
ಮೂಗಿನ ತುದಿಗೆ ಕನ್ನಡಕ.
ಸಿಕ್ಕ ವಸ್ತುವಿಗೆ ಎಲ್ಲಿಯ ರಸೀತಿ!
ಆದರೂ ಹುಡುಕುತ್ತಾನೆ: ಜೇಬು, ಟೋಪಿ, ಕಾಲುಚೀಲ,
ಮುಂದಿನ ಸಾಲಿನ ಹೆಂಗಸಿನ ವ್ಯಾನಿಟಿ ಬ್ಯಾಗು.
ಸಿಗುವುದು ಕಿತ್ತಳೆ ಸಿಪ್ಪೆ, ಹಳೇ ಲಾಟರಿ ಚೀಟಿ,
ಒಮ್ಮೆ ಜೀವಂತ ಕೋಳಿಮರಿ.
ಜನ ಬಿದ್ದು ಬಿದ್ದು ನಗುತ್ತಾರೆ.
ಕೌಂಟರಿನ ಹಲಗೆ ಅವನ ಬೆರಳ ಮೇಲೆ.
ಟ್ರೊಂಬೋನು ಅಳುತ್ತದೆ.
ಜಾಹೀರಾತು.

ಹಾಡಿದ್ದೇ ಹಾಡೋ ಕಿಸಬಾಯಿದಾಸ, ಎಂದರು ಪೇಪರಿನವರು.
ಹೌದು. ಆದರೆ ಸೋಮವಾರ ಬೆಳಿಗ್ಗೆ
ಪಾಸೋ ಮೊಲಿನೋದ ಕಟುಕ ಮಾಂಸ ತೂಗುತ್ತ
ಗಿರಾಕಿಗಳನ್ನು ಕೇಳುವುದು ಅದನ್ನೇ,
ಯಾವುದೋ ಮದುವೆಯಲ್ಲಿ ಪಾದ್ರಿಯೂ
ಉಂಗುರಕ್ಕೆ ರಸೀತಿ ಕೇಳಿದನಂತೆ.
ಮಾತು ನನ್ನದು,
ಎಲ್ಲರ ಕಣ್ಣಿಗೆ ಕಟ್ಟುವ ಮುಖ ಎವರಿಸ್ತೋನದು.
ಅದೇ ಕಟುಕನ ಸಾಲಿನಲ್ಲಿ ನಿಂತು
ಅರ್ಧ ಕೇಜಿ ಈಲಿ ಕೊಂಡು ಬಂದೆ,
ಗುರುತಿಸಲಿಲ್ಲ. ಬೇಜಾರೇನಿಲ್ಲ.
ಗೋಡೆ ಇದ್ದರೆ ತಾನೇ ಚೆಂಡು ಪುಟಿಯುವುದು.

ಆ ರಾತ್ರಿ ಯಾಕೆ ಹಾಗಾಯಿತೋ.
ಆಗಸ್ಟಿನ ಕೊರೆವ ಚಳಿ, ನದಿಯ ಕಡೆಯಿಂದ ಗಾಳಿ.
ಹಲ್ಲುನೋವು ಅನ್ನಬಹುದು,
ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.
ಅವನು ಬಂದ. ಅದೇ ಬಾಗಿಲು, ಅದೇ ಎಡವು.
ಕೊಡೆ ಚಾಚಿದ. ಮಣಿಕಟ್ಟು ನಡುಗುತ್ತಿತ್ತು,
ಅಭಿನಯವೋ, ವಯಸ್ಸೋ.
ಬಾಯಿ ತೆರೆದೆ. ಬಂದದ್ದು:
"ಸರಿ, ಕೊಡಿ."

ತೆಗೆದುಕೊಂಡುಬಿಟ್ಟೆ.
ನೂರಾ ಹದಿನಾಲ್ಕು ಎಂದು ಚೀಟಿ ಕಟ್ಟಿ
ಹಿಂದಿನ ಕಪಾಟಿನಲ್ಲಿ ಇಡಹೋದೆ.
ಕಪಾಟೆಂದರೆ ಗೋಡೆಗೆ ಬರೆದ ಚಿತ್ರ.
ಕೊಡೆ ದೊಪ್ಪನೆ ನೆಲಕ್ಕೆ ಬಿತ್ತು.
ಅದಕ್ಕೂ ಯಾರೂ ನಗಲಿಲ್ಲ.

ನೇರ ಪ್ರಸಾರ.
ಟ್ರೊಂಬೋನಿನವನು ತುಟಿಯವರೆಗೆ ತಂದದ್ದನ್ನು
ಮೆಲ್ಲಗೆ ತೊಡೆಗಿಳಿಸಿದ.
ಬಾಲ್ದೊಮೇರೋ ತನ್ನ ಖಾಲಿ ಕೈ ನೋಡಿಕೊಂಡ,
ಎಲ್ಲಿಡಬೇಕೆಂದು ತಿಳಿಯದೆ
ಕೋಟಿನ ಇಲ್ಲದ ಗುಂಡಿಯನ್ನು ಹಾಕಲು ನೋಡಿದ.
ಆಮೇಲೆ, ಯಾರೂ ಬರೆದುಕೊಡದ ಮಾತು:
"ಹಾಗಾದರೆ ನಾನಿನ್ನು ಬರುವುದು ಬೇಡವೇ?"

ಕ್ಯಾಮೆರಾದ ಕೆಂಪು ದೀಪ. ಐದು ಸೆಕೆಂಡು. ಆರು.
ನನಗೆ ಬರುತ್ತಿದ್ದದ್ದು ಒಂದೇ ಮಾತು.
ಅದನ್ನೇ ಹೇಳಿದೆ:
"ರಸೀತಿ ಇದೆಯೇ?"
ಸೂರು ಹಾರಿಹೋಗುವಂತೆ ನಕ್ಕರು.
ಅವನು ಕೆಳಗೆ ಬಿದ್ದ ಕೊಡೆಯನ್ನೇ ನೋಡುತ್ತಿದ್ದ.

ಮುಂದಿನ ಶನಿವಾರ ಬಂದ,
ಏನೂ ಆಗದವನ ಹಾಗೆ, ಬೇರೆ ಕೊಡೆ ಹಿಡಿದು.
ಎಡವಿದ, ಹುಡುಕಿದ, ಬೆರಳು ಜಜ್ಜಿಸಿಕೊಂಡ.
ಪರದೆ ಬಿದ್ದ ಮೇಲೆ ಮೂರು ವಾರ ಮಾತಿಲ್ಲ.
ನಾಲ್ಕನೇ ವಾರ ಮೇಕಪ್ ಕೋಣೆಯಲ್ಲಿ
ತಾನು ಹೀರುತ್ತಿದ್ದ ಮಾಟೆಯ ಬುರುಡೆಯನ್ನು ನನ್ನತ್ತ ಚಾಚಿ
"ಇನ್ನೊಮ್ಮೆ ಹಾಗೆ ಮಾಡಿದರೆ ನೋಡು,
ಛತ್ರಿ ನನ್ನ ಮಗನೇ" ಎಂದ.
ಕುಡಿದೆ. ಬಿಸಿ, ಕಹಿ.

ಈಗ ಆ ಕಾರ್ಯಕ್ರಮವಿಲ್ಲ. ಅವನೂ ಇಲ್ಲ.
ಇಲ್ಲವೆಂದರೆ, ಮಗಳ ಜೊತೆ ಸಾಲ್ತೋಗೆ ಹೋದ,
ಅಲ್ಲಿ ಸೆಕೆ, ಮಂಡಿನೋವಿಗೆ ಒಳ್ಳೆಯದಂತೆ.

ಆ ಹಳೇ ಕೊಡೆ ನನ್ನ ಮನೆಯಲ್ಲಿದೆ, ಚೀಟಿ ಸಮೇತ.
ಯಾವ ಮಳೆಗೂ ಬಿಚ್ಚಿಲ್ಲ,
ಒಳಗೆ ಬಟ್ಟೆ ನೆಟ್ಟಗಿದೆಯೋ, ಬರೀ ಕಡ್ಡಿಗಳೋ.
ಯಾವತ್ತಾದರೂ ಒಬ್ಬಳು ಕದ ತಟ್ಟಬಹುದು,
ಅದನ್ನು ಬಸ್ಸಿನಲ್ಲಿ ಮೊದಲು ಮರೆತವಳು,
ನಾಟಕದವಳಲ್ಲ, ನಿಜವಾದವಳು,
ಅಯ್ಯೋ ಇದು ನನ್ನದು ಅನ್ನಬಹುದು.
ಕನ್ನಡಕ ಏರಿಸಿ ಕೇಳುತ್ತೇನೆ,
ಗೊತ್ತಲ್ಲ ಏನೆಂದು.

ಇದ್ದರೂ ನಾ ಕೊಡೆ.